ಮುನ್ನೂರು ಜಾಬ್, ಮೂವತ್ತು ಚುಕ್ಕಿ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಯಾವುದಾದರೂ ಸಿಎನ್‌ಸಿ ಶಾಪ್‌ನಲ್ಲಿ (ಕಂಪ್ಯೂಟರ್ ನಡೆಸುವ, ಲೋಹ ಕಡಿಯುವ ಮಷಿನ್‌ಗಳಿರುವ ವರ್ಕ್‌ಶಾಪ್‌ನಲ್ಲಿ) ಮಧ್ಯಾಹ್ನ ಊಟ ಮುಗಿದ ಮೇಲೆ ಹತ್ತು ನಿಮಿಷ ನಿಂತು ನೋಡಿ. ಯಾವ ಆಪರೇಟರಿಗೆ ಕೆಲಸದಲ್ಲಿ ಮನಸ್ಸಿದೆ, ಯಾರಿಗೆ ಬೇಸರ ಹತ್ತಿದೆ ಎನ್ನುವುದು ತಾನಾಗಿ ಕಾಣುತ್ತದೆ. ಮನಸ್ಸಿರುವವರು ಮಷಿನ್ ಬಾಗಿಲು ಹಾಕಿದ ಮೇಲೂ ಕಟಿಂಗ್ ಶಬ್ದಕ್ಕೆ ಒಂದು ಕಿವಿ ಕೊಟ್ಟಿರುತ್ತಾರೆ. ಬೇಸರ ಹತ್ತಿದವರು ಜಾಬ್ (ಕಡಿಯಬೇಕಾದ ಲೋಹದ ತುಂಡು) ಹಾಕಿ, ಬಟನ್ ಒತ್ತಿ, ಗಡಿಯಾರ ನೋಡುತ್ತಾರೆ. ಇವರನ್ನು ಸೋಮಾರಿಗಳೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ತಪ್ಪು. ಕೆಲಸದಲ್ಲಿ ತಲೆ ಓಡಿಸುವ ಭಾಗವನ್ನು ಮಷಿನ್ ಕಿತ್ತುಕೊಂಡಿದೆ, ಅದರ ಜಾಗಕ್ಕೆ ನಾವು ಏನನ್ನೂ ಕೊಟ್ಟಿಲ್ಲ.

ಎಚ್‌ಎಂಟಿಯ ಹಳೆಯ ಲೇತ್‌ನಲ್ಲಿ ದುಡಿದವರ ಕೈ ಹ್ಯಾಂಡ್‌ವೀಲ್ ಮೇಲೆಯೇ ಇರುತ್ತಿತ್ತು. ಟೂಲ್ ಮೊಂಡಾದರೆ ಅಂಗೈಗೇ ತಿಳಿಯುತ್ತಿತ್ತು. ಸಿಎನ್‌ಸಿಯಲ್ಲಿ 75 ಸೆಕೆಂಡಿನ ಸೈಕಲ್ ಇದ್ದರೆ, ಊಟ ತಿಂಡಿ ಕಳೆದು ಒಂದು ಶಿಫ್ಟ್‌ಗೆ ಸುಮಾರು 300 ಜಾಬ್. ಮುನ್ನೂರೂ ಒಂದೇ ಥರ. ಒಳ್ಳೆಯದಾಯಿತೋ ಕೆಟ್ಟಿತೋ ಎಂದು ಹೇಳುವವರು ಇನ್‌ಸ್ಪೆಕ್ಷನ್ ಕೋಣೆಯಲ್ಲಿರುತ್ತಾರೆ. ಅದೂ ಮರುದಿನ, ರಿಜೆಕ್ಷನ್ ಆದಾಗ ಮಾತ್ರ.

ಮಾಲೀಕರು ಸಾಮಾನ್ಯವಾಗಿ ಮಾಡುವುದು ಭಾಷಣ. ತಿಂಗಳಿಗೊಬ್ಬ ಉತ್ತಮ ನೌಕರ, ಗೋಡೆಯ ಮೇಲೊಂದು ಫೋಟೋ. ಇದರ ಬಿಸಿ ಒಂದು ವಾರ ಇರಬಹುದು. ಕೆಲಸವೇ ಆಸಕ್ತಿ ಹುಟ್ಟಿಸಬೇಕಾದರೆ ಅದರಲ್ಲಿ ಏನಿರಬೇಕು ಎಂದು ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1976ರಲ್ಲೇ ಐದು ಅಂಶಗಳನ್ನು ಗುರುತಿಸಿದ್ದಾರೆ: ಬೇರೆ ಬೇರೆ ಕೌಶಲ ಬೇಕಾಗುವುದು, ಒಂದು ವಸ್ತುವನ್ನು ಆದಿಯಿಂದ ಅಂತ್ಯದವರೆಗೆ ಮಾಡುವುದು, ಆ ಕೆಲಸ ಯಾರಿಗೋ ಮುಖ್ಯವಾಗಿರುವುದು, ಸ್ವಂತ ತೀರ್ಮಾನಕ್ಕೆ ಜಾಗವಿರುವುದು, ಫಲ ಕೂಡಲೇ ತಿಳಿಯುವುದು. ಬೇರೆಯವರ ಆರ್ಡರ್‌ಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಶಾಪ್‌ನಲ್ಲಿ ಮೊದಲ ಎರಡನ್ನು ಹೆಚ್ಚು ಬದಲಿಸಲಾಗದು. ಕೊನೆಯ ಎರಡನ್ನು ನಾಳೆಯೇ ಬದಲಿಸಬಹುದು. ಖರ್ಚು ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್.

ಹೊರವ್ಯಾಸ 40.000 ಮಿ.ಮೀ., ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿ) ಪ್ಲಸ್ ಮೈನಸ್ 0.015 ಇರುವ ಒಂದು ಜಾಬ್ ಎಂದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಮೇಲೆ ಕೆಳಗೆ 1 ಸೆಂ.ಮೀ.ಗೆ 0.005ರಂತೆ ಗುರುತು ಹಾಕಿ. ಇಡೀ ಟಾಲರೆನ್ಸ್ 6 ಸೆಂ.ಮೀ.ನಲ್ಲಿ ಕೂರುತ್ತದೆ. ಅಳೆದ ಪ್ರತಿ ಸೈಜಿಗೆ ಅಡ್ಡಲಾಗಿ ಅರ್ಧ ಸೆಂ.ಮೀ.ಗೊಂದು ಚುಕ್ಕಿ. ಪ್ರತಿ ಹತ್ತನೇ ಜಾಬ್ ಅಳೆದರೆ ಶಿಫ್ಟ್‌ಗೆ 30 ಚುಕ್ಕಿ, ಅಂದರೆ 15 ಸೆಂ.ಮೀ. ಎ4 ಹಾಳೆಯಲ್ಲಿ ಜಾಗ ಮಿಗುತ್ತದೆ. ಅಲ್ಲಿ ಇನ್ಸರ್ಟ್ (ಟೂಲ್ ತುದಿಯಲ್ಲಿ ಕೂರುವ, ಒಂದು ಮೂಲೆ ಸವೆದರೆ ತಿರುಗಿಸಿ ಹಾಕುವ ಸಣ್ಣ ಕಟಿಂಗ್ ತುಂಡು) ಬದಲಿಸಿದ್ದು, ಕರೆಂಟ್ ಹೋಗಿದ್ದು, ಹೊಸ ಬ್ಯಾಚ್ ರಾಡ್ ಬಂದಿದ್ದು ಬರೆಯಬಹುದು. ಹಾಳೆಯನ್ನು ಕ್ಲಿಪ್‌ಬೋರ್ಡ್‌ಗೆ ಹಾಕಿ ಮಷಿನ್ ಪಕ್ಕದಲ್ಲೇ ತೂಗುಹಾಕಿ. ಕಂಪ್ಯೂಟರಿನಲ್ಲಿ ಬೇಡ. ಸ್ವಂತ ಕೈಯಿಂದ ಇಟ್ಟ ಚುಕ್ಕಿಯನ್ನು ಮನುಷ್ಯ ತಿರುಗಿ ನೋಡುತ್ತಾನೆ, ಟೈಪ್ ಮಾಡಿದ ಅಂಕಿಯನ್ನು ನೋಡುವುದಿಲ್ಲ.

ಅಳೆಯಲು 0.001 ತೋರಿಸುವ ಮೈಕ್ರೋಮೀಟರ್ ಬೇಕು. 0.02 ಲೀಸ್ಟ್ ಕೌಂಟ್‌ನ (ಅದಕ್ಕಿಂತ ಸಣ್ಣದನ್ನು ತೋರಿಸದ) ವರ್ನಿಯರ್ ಇಲ್ಲಿ ಉಪಯೋಗಕ್ಕಿಲ್ಲ. ಟಾಲರೆನ್ಸ್‌ನ ಮೂರನೇ ಎರಡು ಭಾಗವನ್ನು ಅದು ಒಂದೇ ಹೆಜ್ಜೆಗೆ ನುಂಗುತ್ತದೆ. ಜಾಬ್ ಬಿಸಿಯಿರುವಾಗ ಅಳೆಯಬೇಡಿ. 40 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.005 ಹಿಗ್ಗುತ್ತದೆ, ನಮ್ಮ ಗ್ರಾಫಿನಲ್ಲಿ ಅದು ಪೂರ್ತಿ ಒಂದು ಸೆಂ.ಮೀ. ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ ಎರಡರಷ್ಟು. ಒರೆಸಿ, ಪಕ್ಕಕ್ಕಿಟ್ಟು, ಮುಂದಿನ ಸೈಕಲ್ ಮುಗಿದ ಮೇಲೆ ಅಳೆದರೆ ಸಾಕು. ಎಲ್ಲವನ್ನೂ ಒಂದೇ ಕ್ರಮದಲ್ಲಿ ಅಳೆಯುವುದು ಮುಖ್ಯ. ಬೆಳಿಗ್ಗೆ ಜಾಬನ್ನು ತಿರುಗಿಸುವ ಸ್ಪಿಂಡಲ್ ಬಿಸಿಯಾಗುವವರೆಗಿನ ಮೊದಲ ಕೆಲವು ಜಾಬ್‌ಗಳ ಚುಕ್ಕಿಗಳಿಗೆ ಸುತ್ತು ಹಾಕಿ ಬೇರೆಯಾಗಿ ನೋಡಿ.

ಈಗ ಆಸಕ್ತಿ ಹುಟ್ಟುವ ಜಾಗಕ್ಕೆ ಬಂದೆವು. ಇನ್ಸರ್ಟ್‌ನ ಅಂಚು ಸವೆದಂತೆ ಹೊರವ್ಯಾಸ ನಿಧಾನವಾಗಿ ಏರುತ್ತದೆ. ಒಳಗೆ ಕಡಿಯುವ ಕೆಲಸ (ಬೋರಿಂಗ್) ಆದರೆ ತೂತು ಕಿರಿದಾಗುತ್ತ ಬರುತ್ತದೆ. ಆದ್ದರಿಂದ ಹೊಸ ಅಂಚು ಹಾಕಿದಾಗ ಸೈಜನ್ನು 40.000ಕ್ಕೆ ಇಡದೆ 39.992ರ ಹತ್ತಿರ ಇಡಬೇಕು. ಚುಕ್ಕಿಗಳು ಏರಿಕೊಂಡು 40.008 ಮುಟ್ಟಿದಾಗ ವೇರ್ ಆಫ್‌ಸೆಟ್‌ನಲ್ಲಿ (ಸವೆತ ಸರಿದೂಗಿಸಲು ಮಷಿನ್‌ಗೆ ಕೊಡುವ ತಿದ್ದುಪಡಿಯಲ್ಲಿ) ಮೈನಸ್ 0.016 ಕೊಟ್ಟು ಕೆಳಗಿಳಿಸಬೇಕು. ಎರಡು ಮೂರು ದಿನ ಹೀಗೆ ಚುಕ್ಕಿ ಇಟ್ಟ ಆಪರೇಟರಿಗೆ ಗೆರೆ ಎಷ್ಟು ಓರೆಯಾಗಿ ಏರುತ್ತದೆ ಎನ್ನುವುದು ಕಣ್ಣಿಗೆ ಕೂರುತ್ತದೆ. ಆಮೇಲೆ ಅವರೇ ಮಷಿನ್ ಹೊಂದಿಸಿಕೊಡುವ ಸೆಟ್ಟರಿಗೆ ಹೇಳುತ್ತಾರೆ: "ಅಣ್ಣಾ, ಈ ಮೂಲೆ ಇನ್ನೊಂದು ಅರವತ್ತು ಜಾಬ್ ಬರುತ್ತೆ, ಆಮೇಲೆ ತಿರುಗಿಸೋಣ." ಹಾಗೆ ಹೇಳಿದ ದಿನ ಅವರ ಕೆಲಸ ಬದಲಾಗಿದೆ. ಇಷ್ಟು ಹೊತ್ತು ಮಷಿನ್ ಕಾಯುತ್ತಿದ್ದವರು ಈಗ ಅದನ್ನು ಓದುತ್ತಿದ್ದಾರೆ. ಅರವತ್ತೋ ಐವತ್ತೈದೋ ಎಂದು ನೋಡಬೇಕೆನ್ನುವ ಕುತೂಹಲವೇ ಮಧ್ಯಾಹ್ನದ ಮಂಪರನ್ನು ಓಡಿಸುತ್ತದೆ.

ಇದು ಕೆಡುವ ದಾರಿಗಳೂ ಗೊತ್ತಿರಲಿ. ಮೊದಲನೆಯದು, ಶಿಫ್ಟ್ ಮುಗಿಯುವಾಗ ಕೂತು ಮೂವತ್ತು ಚುಕ್ಕಿಯನ್ನೂ ಒಟ್ಟಿಗೆ ಇಡುವುದು. ಅಂಥ ಹಾಳೆಯನ್ನು ನೋಡಿದರೇ ತಿಳಿಯುತ್ತದೆ, ಚುಕ್ಕಿಗಳು ನಡುಗೆರೆಯ ಆಚೀಚೆ ತೀರಾ ನೀಟಾಗಿರುತ್ತವೆ. ಆದರೆ ಹೀಗಾಗಲು ಕಾರಣ ಹೆಚ್ಚಾಗಿ ಸೂಪರ್‌ವೈಸರೇ. ಟಾಲರೆನ್ಸ್ ಗೆರೆ ದಾಟಿದ ಒಂದು ಚುಕ್ಕಿ ಹಿಡಿದು ಎಲ್ಲರೆದುರು ಬೈದರೆ, ಮರುದಿನದಿಂದ ಆ ಮಷಿನ್‌ನಲ್ಲಿ ಗೆರೆ ದಾಟಿದ ಚುಕ್ಕಿ ಕಾಣಿಸುವುದಿಲ್ಲ. ಗೆರೆ ದಾಟಿದ ಜಾಬ್ ಮಾತ್ರ ಬರುತ್ತಲೇ ಇರುತ್ತದೆ. ಮೊದಲ ತಿಂಗಳು ಹಾಳೆಯ ಆಧಾರದ ಮೇಲೆ ಯಾರನ್ನೂ ಏನೂ ಅನ್ನಬಾರದು. "ಇಲ್ಲಿ ಏನಾಯ್ತಪ್ಪಾ?" ಎಂದು ಕೇಳಿ, ಉತ್ತರವನ್ನು ಹಾಳೆಯ ಮೇಲೆ ಅವರ ಕೈಯಲ್ಲೇ ಬರೆಸಿ.

ಎರಡನೆಯದು ಉತ್ಸಾಹ ಹೆಚ್ಚಾಗಿ ಆಗುವ ತಪ್ಪು. ಒಂದು ಚುಕ್ಕಿ ಮೇಲೆ ಹೋಯಿತೆಂದು ಆಫ್‌ಸೆಟ್ ಕೊಡುವುದು, ಮುಂದಿನದು ಕೆಳಗೆ ಬಂತೆಂದು ವಾಪಸ್ ಕೊಡುವುದು. ಪ್ರತಿ ಅಳತೆಗೂ ಹೀಗೆ ಕೈ ಹಾಕಿದರೆ ಚದುರುವಿಕೆ ತಗ್ಗುವ ಬದಲು ಹೆಚ್ಚುತ್ತದೆ. ಏಕೆಂದರೆ ಮಷಿನ್‌ಗೆ, ಅಳೆಯುವ ಕೈಗೆ ಸಹಜವಾದ ಒಂದು ತುಯ್ದಾಟ ಇದ್ದೇ ಇರುತ್ತದೆ, ಅದರ ಮೇಲೆ ನಮ್ಮ ತಿದ್ದುಪಡಿಯ ತುಯ್ದಾಟವೂ ಸೇರುತ್ತದೆ. ಸಹಜವಾದದ್ದು ಯಾವುದು, ಕಾರಣವಿರುವುದು ಯಾವುದು ಎಂದು ಬೇರ್ಪಡಿಸಲೆಂದೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ಬರೆದದ್ದು. ಆ ವಿದ್ಯೆ ಕಲಿಸುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರ ನಮ್ಮ ಮೈಸೂರು ರಸ್ತೆಯಲ್ಲೇ ಇದೆ. ಶಾಪ್‌ನಲ್ಲಿ ಸುಲಭವಾದ ನಿಯಮ ಸಾಕು: ಒಂಟಿ ಚುಕ್ಕಿಗೆ ಕೈ ಹಾಕಬೇಡಿ, ಮುಂದಿನ ಜಾಬನ್ನೂ ಅಳೆಯಿರಿ. ಏರಿಕೆ ಸತತವಾಗಿದ್ದರೆ ಅದು ಸವೆತ. ಒಮ್ಮೆಲೇ ನೆಗೆದು ಅಲ್ಲೇ ನಿಂತರೆ ಅಂಚು ಒಡೆದಿದೆ, ಇಲ್ಲವೇ ಇನ್ಸರ್ಟ್ ಕೂರುವ ಜಾಗದಲ್ಲಿ ಚಿಪ್ (ಲೋಹದ ಸಿಪ್ಪೆ) ಸಿಕ್ಕಿಕೊಂಡಿದೆ.

ಮೂರನೆಯದು ಬರೀ ಬೆರಳಿನ ತಪ್ಪು, ಆದರೆ ದುಬಾರಿ. ಮಷಿನ್ ನಡೆಸುವ ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ 'ಪ್ಲಸ್ ಇನ್‌ಪುಟ್' ಒತ್ತಿದರೆ ಹಳೆಯ ಆಫ್‌ಸೆಟ್ ಅಂಕಿಗೆ ಕೂಡುತ್ತದೆ. ಬರೀ 'ಇನ್‌ಪುಟ್' ಒತ್ತಿದರೆ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಆಪರೇಟರಿಗೆ ಆಫ್‌ಸೆಟ್ ಕೊಡುವ ಅಧಿಕಾರ ಕೊಡುವ ಮುನ್ನ ಈ ಎರಡರ ವ್ಯತ್ಯಾಸವನ್ನೂ ಮೈನಸ್ ಚಿಹ್ನೆಯನ್ನೂ ಅವರಿಂದ ಹತ್ತು ಸಲ ಮಾಡಿಸಿ ನೋಡಿ. ಮೊದಲ ವಾರಗಳಲ್ಲಿ ಒಂದು ಸಲಕ್ಕೆ 0.020 ಮಿತಿ ಹಾಕಿ. ಅದಕ್ಕಿಂತ ಹೆಚ್ಚು ಬೇಕಾದರೆ ಸೆಟ್ಟರನ್ನು ಕರೆಯಲಿ. ಆದರೆ ಅಧಿಕಾರವನ್ನೇ ಕೊಡದೆ ಚುಕ್ಕಿ ಮಾತ್ರ ಇಡಿಸಬೇಡಿ. ಅದು ಇನ್ನೊಂದು ಗುಮಾಸ್ತಗಿರಿಯಾಗಿ ಬೇಸರ ಇಮ್ಮಡಿಯಾಗುತ್ತದೆ.

ಚುಕ್ಕಿ ಅಭ್ಯಾಸವಾದ ಮೇಲೆ ಕೂಲೆಂಟ್ (ಕಟಿಂಗ್ ತಂಪಾಗಿಡುವ ಎಣ್ಣೆ ಬೆರೆಸಿದ ನೀರು) ಟ್ಯಾಂಕನ್ನೂ ಆಪರೇಟರ ಹೆಸರಿಗೆ ಬಿಡಬಹುದು. ಸೋಮವಾರ ಬೆಳಿಗ್ಗೆ ಶಾಪ್‌ಗೆ ಕಾಲಿಟ್ಟ ಕೂಡಲೇ ಕೊಳೆತ ವಾಸನೆ ಮೂಗಿಗೆ ಬಡಿದರೆ ವಾರಪೂರ್ತಿ ಮುಖ ಸಿಂಡರಿಸಿಯೇ ಇರುತ್ತದೆ. ಭಾನುವಾರ ಪಂಪ್ ನಿಂತಿರುತ್ತದೆ, ಸ್ಲೈಡ್‌ವೇ (ಮಷಿನ್‌ನ ಭಾಗಗಳು ಜಾರುವ ದಾರಿ) ಎಣ್ಣೆ ಮೇಲೆ ಕೆನೆಗಟ್ಟಿ ಗಾಳಿಯನ್ನು ತಡೆಯುತ್ತದೆ, ಅದರಡಿ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಶನಿವಾರ ಸಂಜೆ ಆ ಎಣ್ಣೆಯನ್ನು ತೆಗೆಯಬೇಕು, ಚಿಪ್ ಬಳಿಯಬೇಕು. ವಾರಕ್ಕೆರಡು ಸಲ ಎಣ್ಣೆಯ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ, ಬಂದ ಅಂಕಿಯನ್ನು ಕೂಲೆಂಟ್ ಕಂಪನಿ ಕೊಟ್ಟ ಫ್ಯಾಕ್ಟರ್‌ನಿಂದ ಗುಣಿಸಬೇಕು. ಶೇ. 6 ಬೇಕಿದ್ದರೆ 100 ಲೀಟರಿಗೆ 94 ಲೀಟರ್ ನೀರು, 6 ಲೀಟರ್ ಕೂಲೆಂಟ್ ಎಣ್ಣೆ. ನೀರಿಗೆ ಎಣ್ಣೆ ಸುರಿಯಬೇಕು. ಎಣ್ಣೆಗೆ ನೀರು ಸುರಿದರೆ ಗಂಟುಗಂಟಾಗಿ ಸರಿಯಾಗಿ ಬೆರೆಯುವುದಿಲ್ಲ. ಮಟ್ಟ ಇಳಿಯಿತೆಂದು ಬರೀ ನಲ್ಲಿ ನೀರು ಸುರಿಯುವ ಚಾಳಿ ಎಲ್ಲ ಶಾಪ್‌ಗಳಲ್ಲಿದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ತನ್ನ ಟ್ಯಾಂಕ್ ವಾಸನೆಯಿಲ್ಲದೆ ಎರಡು ತಿಂಗಳು ನಡೆದರೆ ಅದನ್ನು ಯಾರೂ ಹೇಳಬೇಕಿಲ್ಲ, ಮೂಗಿಗೇ ತಿಳಿಯುತ್ತದೆ.

ಮಾಡುತ್ತಿರುವ ಜಾಬ್ ಎಲ್ಲಿಗೆ ಹೋಗುತ್ತದೆ ಎಂದೂ ತೋರಿಸಿ. ಬೇರಿಂಗ್ ಕೂರುವ ಶಾಫ್ಟ್ ಆದರೆ ಒಂದು ಬೇರಿಂಗ್ ತಂದು ಮೇಜಿನ ಮೇಲಿಡಿ. ದಪ್ಪವಾದರೆ ಒಳಗಿನ ರಿಂಗ್ ಹಿಗ್ಗಿ ಬೇರಿಂಗ್ ಬಿಸಿಯಾಗುತ್ತದೆ, ತೆಳ್ಳಗಾದರೆ ರಿಂಗ್ ಶಾಫ್ಟ್ ಮೇಲೆಯೇ ಜಾರಿ ಸವೆಯುತ್ತದೆ. ಐದು ನಿಮಿಷದ ಮಾತು. ಡ್ರಾಯಿಂಗ್‌ನ ಸಂಖ್ಯೆಗೆ ಜೀವ ಬರುವುದು ಆಗಲೇ.

ಆಪರೇಟರನ್ನು ಒಂದು ಮಷಿನ್‌ನಿಂದ ಇನ್ನೊಂದಕ್ಕೆ ಬದಲಿಸುವುದು ಒಳ್ಳೆಯದೇ, ಆದರೆ ದಿನಕ್ಕೊಂದರಂತೆ ಬೇಡ. ಕನಿಷ್ಠ ಎರಡು ವಾರ ಒಂದೇ ಮಷಿನ್‌ನಲ್ಲಿದ್ದರೆ ಅದರ ಗೆರೆ ಅರ್ಥವಾಗುತ್ತದೆ. ಕಲಿಯುವ ಹಸಿವು ಕಂಡವರನ್ನು ಪ್ರೋಗ್ರಾಮಿಂಗ್ ಕಲಿಯಲು ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಗೆ ಕಳಿಸಿ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ (ಇಂಥ ಮಷಿನ್‌ಗಳ ಪ್ರದರ್ಶನ) ನಡೆದಾಗ ಮಾಲೀಕರ ಜೊತೆ ಇಬ್ಬರು ಆಪರೇಟರುಗಳೂ ಹೋಗಲಿ.

ಒಂದು ಎಚ್ಚರಿಕೆ. ಸಂಬಳ ತಡವಾಗುತ್ತಿದ್ದರೆ, ಡಬಲ್ ಶಿಫ್ಟ್‌ನಿಂದ ನಿದ್ದೆಯೇ ಇಲ್ಲದಿದ್ದರೆ, ಗ್ರಾಫ್ ಹಾಳೆ ಏನೂ ಮಾಡಲಾರದು. ಮೊದಲು ಅದನ್ನು ಸರಿಪಡಿಸಿ ಆಮೇಲೆ ಪೆನ್ಸಿಲ್ ಕೊಡಿ.

ಶಿಫ್ಟ್ ಬದಲಾಗುವಾಗ ಹಾಳೆ ಕೈಯಿಂದ ಕೈಗೆ ಹೋಗಬೇಕು. ಹೊರಡುವವರು ಮೂರು ಮಾತು ಹೇಳಿದರೆ ಸಾಕು: ಕೊನೆಯ ಚುಕ್ಕಿ ಎಲ್ಲಿದೆ, ಅಂಚು ಹಾಕಿ ಎಷ್ಟು ಜಾಬ್ ಆಯಿತು, ಶಬ್ದ ಏನಾದರೂ ಬದಲಾಗಿದೆಯೇ. ಬಂದವರು ಮೊದಲ ಜಾಬ್ ಅಳೆದು, ಹಿಂದಿನವರ ಕೊನೆಯ ಚುಕ್ಕಿಯ ಪಕ್ಕದಲ್ಲೇ ತಮ್ಮ ಚುಕ್ಕಿ ಇಡಲಿ. ಎರಡರ ನಡುವೆ 0.005ಕ್ಕಿಂತ ಹೆಚ್ಚು ಅಂತರ ಬಂದರೆ, ಹಿಂದಿನವರು ಗೇಟ್ ದಾಟುವ ಮುನ್ನ ಕರೆದು, ಒಂದೇ ಜಾಬನ್ನು ಇಬ್ಬರೂ ಒಂದೇ ಮೈಕ್ರೋಮೀಟರ್‌ನಲ್ಲಿ ಅಳೆದು ನೋಡಬೇಕು.