ಮೂರು ದಿನ ದಾರ ಕತ್ತರಿಸಿದೆ

2018ರ ಆಗಸ್ಟ್‌ನ ಒಂದು ಗುರುವಾರ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಏಳು ವರ್ಷದಿಂದ ಟೈಲರ್ ಆಗಿದ್ದೆ. ಅಂದು ಬೆಳಿಗ್ಗೆ ಲೈನಿಗೆ ಬಂದು ನೋಡಿದರೆ ನನ್ನ ಕಾಲರ್ ಮಷಿನ್ ಮುಂದೆ ಬೇರೊಬ್ಬಳು ಕುಳಿತಿದ್ದಳು. ಸೂಪರ್‌ವೈಸರ್ ನನ್ನ ಮುಖ ನೋಡದೆ, "ಮ್ಯಾನೇಜರ್ ಕ್ಯಾಬಿನ್ ಹತ್ತಿರ ನಿಲ್ಲಬೇಕಂತೆ" ಎಂದ.

ಒಂದು ಗಂಟೆ ನಿಂತೆ. ಕ್ಯಾಬಿನ್ ಇರುವುದು ಫ್ಲೋರಿನ ನಡುವೆ. ಅಲ್ಲಿ ನಿಂತವರು ಎಲ್ಲ ಲೈನುಗಳಿಗೂ ಕಾಣುತ್ತಾರೆ. ಮೊದಲ ಗಂಟೆಯಲ್ಲಿ ಹೊಲಿದ ಪೀಸುಗಳ ಲೆಕ್ಕ ಬೋರ್ಡಿನ ಮೇಲೆ ಬಿದ್ದ ಮೇಲೆ ಮ್ಯಾನೇಜರ್ ಹೊರಗೆ ಬಂದರು. "ಮನಸ್ಸು ಬಂದಾಗ ಬರುವುದಕ್ಕೆ ಇದೇನು ನಿಮ್ಮ ಅತ್ತೆ ಮನೆಯೇ? ಹೋಗು, ಹೆಲ್ಪರುಗಳ ಜೊತೆ ದಾರ ಕತ್ತರಿಸು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ನಾನು ಮಾಡಿದ್ದಿಷ್ಟು. ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ತುಮಕೂರಿನಲ್ಲಿ ಮಂಗಳವಾರಕ್ಕೆ ನಿಗದಿಯಾಗಿತ್ತು. ಎರಡು ದಿನ ರಜೆ ಬೇಕೆಂದು ಹಿಂದಿನ ವಾರ ಸೂಪರ್‌ವೈಸರ್‌ಗೆ ಹೇಳಿದ್ದೆ. "ನೋಡೋಣ" ಎಂದಿದ್ದ. ಸೋಮವಾರ ಸಂಜೆ ಮ್ಯಾನೇಜರ್ "ಶಿಪ್‌ಮೆಂಟ್ ಇದೆ, ಆಗುವುದಿಲ್ಲ" ಎಂದರು. ಅದೇ ಸಂಜೆ ನಮ್ಮ ಲೈನಿನ ತೋಳು ಜೋಡಿಸುವ ಹುಡುಗಿಗೆ ಮೂರು ದಿನದ ರಜೆ ಸಿಕ್ಕಿತ್ತು. ಅವಳೂ ಮ್ಯಾನೇಜರೂ ಒಂದೇ ಜಿಲ್ಲೆಯವರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರಿಗೂ ಹೇಳದೆ ಊರಿಗೆ ಹೋದೆ.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಾಯಿಸಲು ಹೊರಟಾಗ ಬೆಂಗಳೂರಿನ ಬೀದಿಗಿಳಿದ ಸಾವಿರಾರು ಗಾರ್ಮೆಂಟ್ಸ್ ಹೆಂಗಸರಲ್ಲಿ ನಾನೂ ಒಬ್ಬಳು. ಎರಡನೆಯ ದಿನಕ್ಕೆ ಕೇಂದ್ರ ಸರ್ಕಾರವೇ ಆ ಆದೇಶ ಹಿಂತೆಗೆದುಕೊಂಡಿತು. ಅಂದು ಜಾಲಹಳ್ಳಿ ಕ್ರಾಸಿನಲ್ಲಿ ಕೂಗಿ ಕೂಗಿ ಒಡೆದ ಗಂಟಲು ಈ ಗುರುವಾರ ಒಬ್ಬ ಮನುಷ್ಯನ ಮುಂದೆ ಹೊರಡಲಿಲ್ಲ. ಸಾವಿರ ಜನರ ನಡುವೆ ನಿಲ್ಲುವುದೇ ಬೇರೆ, ಒಬ್ಬಳೇ ನಿಲ್ಲುವುದೇ ಬೇರೆ. ಕತ್ತರಿ ತೆಗೆದುಕೊಂಡು ಹೆಲ್ಪರುಗಳ ಮೇಜಿಗೆ ಹೋದೆ. ಹೊಲಿದ ಬಟ್ಟೆಯಲ್ಲಿ ಉಳಿದ ದಾರ ಕತ್ತರಿಸುವುದು ಕೀಳು ಕೆಲಸವೆಂದು ಹೇಳುತ್ತಿಲ್ಲ. ನಾನೂ ಅಲ್ಲಿಂದಲೇ ಮೇಲೆ ಬಂದವಳು. ಆದರೆ ಆ ಮೇಜನ್ನು ಶಿಕ್ಷೆಯ ಜಾಗ ಮಾಡಿದಾಗ ನನ್ನ ಜೊತೆಗೆ ದಿನವೂ ಅಲ್ಲೇ ದುಡಿಯುವವರಿಗೂ ಅವಮಾನವಾಯಿತು. ಪಕ್ಕದಲ್ಲಿದ್ದ ಹೊಸ ಹುಡುಗಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಊಟದ ಹೊತ್ತಿನಲ್ಲಿ ಕುಂದುಕೊರತೆ ಸಮಿತಿಯಲ್ಲಿದ್ದ ಫಿನಿಶಿಂಗ್ ವಿಭಾಗದ ಅಕ್ಕನ ಮುಂದೆ ಅತ್ತುಬಿಟ್ಟೆ. ಅಕ್ಕ ಸಮಾಧಾನ ಹೇಳಲಿಲ್ಲ. "ಅರ್ಜಿ ಕೊಟ್ಟಿದ್ದೆಯಾ?" ಎಂದು ಕೇಳಿದರು. ಬಾಯಲ್ಲಿ ಹೇಳಿದ್ದೆ ಎಂದೆ. ಕೈಹಿಡಿದು ಗೇಟಿನ ಬಳಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಕಾರ್ಖಾನೆಗಳ ಕಾಯ್ದೆಯ ಸಾರಾಂಶವನ್ನು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ತೂಗುಹಾಕಬೇಕೆಂಬುದು ಆಗಿನ ಕಾನೂನು. ಏಳು ವರ್ಷ ದಿನಕ್ಕೆರಡು ಬಾರಿ ಅದನ್ನು ದಾಟಿ ಓಡಾಡಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಆಗ ವರ್ಷದಲ್ಲಿ 240 ದಿನ ದುಡಿದವರಿಗೆ ಮರುವರ್ಷ, ದುಡಿದ 20 ದಿನಕ್ಕೆ ಒಂದರಂತೆ, ಸಂಬಳ ಸಹಿತ ರಜೆ ಸಿಗುತ್ತಿತ್ತು. ಅದಕ್ಕೆ ಕನಿಷ್ಠ 15 ದಿನ ಮೊದಲು ಬರೆದು ಅರ್ಜಿ ಕೊಡಬೇಕಿತ್ತು. ಹಾಗೆ ಕೊಟ್ಟ ಮೇಲೂ ನಿರಾಕರಿಸಿದರೆ ಆ ರಜೆ ಸತ್ತುಹೋಗುತ್ತಿರಲಿಲ್ಲ, ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. "ತೋಳು ಜೋಡಿಸುವ ಆ ಹುಡುಗಿ ಹೋದ ತಿಂಗಳೇ ಬರೆದು ಕೊಟ್ಟಿದ್ದಳು. ಮಗುವಿಗೆ ಕಿವಿ ಚುಚ್ಚಿಸುವುದಿತ್ತು. ನನ್ನ ಕೈಯಲ್ಲೇ ಬರೆಸಿಕೊಂಡಳು" ಎಂದರು ಅಕ್ಕ.

ನಾನು ಕುದಿಯುತ್ತಿದ್ದ ಸಿಟ್ಟಿನ ಅರ್ಧಕ್ಕೆ ನೆಲೆಯೇ ಇಲ್ಲ ಎಂದು ತಿಳಿದಾಗ ಕಾಲು ತಣ್ಣಗಾಯಿತು. ಉಳಿದರ್ಧ ಮಾತ್ರ ಇನ್ನಷ್ಟು ಗಟ್ಟಿಯಾಯಿತು. ರಜೆ ನಿರಾಕರಿಸಿದ್ದು, ಎರಡು ದಿನದ ಸಂಬಳ ಹಿಡಿದದ್ದು ನಿಯಮ. ಒಂದು ಗಂಟೆ ನಿಲ್ಲಿಸಿದ್ದು ಯಾವ ನಿಯಮ? ಅದು ಆ ಗಾಜಿನೊಳಗೆ ಎಲ್ಲೂ ಇರಲಿಲ್ಲ.

ಆ ರಾತ್ರಿ ಲಗ್ಗೆರೆಯ ಮನೆಯಲ್ಲಿ ಮಗನ ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಬರೀ ಬೈಗುಳ ಮತ್ತು ಗೋಳು. ನಾಲ್ಕನೆಯದರಲ್ಲಿ ನನ್ನ ತಪ್ಪನ್ನು ಮೊದಲು ಬರೆದೆ: ಅರ್ಜಿ ಕೊಡದೆ ಹೋದೆ, ಸಂಬಳ ಹಿಡಿದದ್ದಕ್ಕೆ ತಕರಾರಿಲ್ಲ. ಆಮೇಲೆ ತಾರೀಕು, ಹೊತ್ತು, ನಿಲ್ಲಿಸಿದ ಜಾಗ, ಆಡಿದ ಮಾತು. ಎರಡು ಪ್ರತಿ ಮಾಡಿ ಶುಕ್ರವಾರ ವೆಲ್‌ಫೇರ್ ಆಫೀಸರ್‌ಗೂ ಸಮಿತಿಗೂ ಕೊಟ್ಟೆ. ಕೈ ನಡುಗುತ್ತಿತ್ತು. ಕೊಟ್ಟು ಬಂದು ಮತ್ತೆ ದಾರ ಕತ್ತರಿಸಿದೆ. ಶನಿವಾರವೂ ಕತ್ತರಿಸಿದೆ.

ಸೋಮವಾರ ಕರೆದರು. "ನಿನಗೆ ಏನಾಗಬೇಕಮ್ಮ?" ಎಂದು ಆಫೀಸರ್ ಕೇಳಿದರು. "ನನ್ನ ಮಷಿನ್ ಬೇಕು, ಮೇಡಂ. ಇನ್ನು ಯಾರನ್ನೂ ಹಾಗೆ ನಿಲ್ಲಿಸಬಾರದು" ಎಂದೆ. ಮ್ಯಾನೇಜರ್ ಅಲ್ಲೇ ಕುಳಿತಿದ್ದರು. ಸರಕು ತಡವಾದರೆ ವಿಮಾನದಲ್ಲಿ ಕಳಿಸಬೇಕಾಗುತ್ತದೆ, ಖರ್ಚು ಕಾರ್ಖಾನೆಯ ತಲೆಗೆ, ತಮಗೂ ಮೇಲಿನವರಿಂದ ಬೈಗುಳ ಎಂದರು. ಅವರ ಕಷ್ಟ ಸುಳ್ಳಲ್ಲ, ಆ ವಾರ ಅವರ ಕಣ್ಣು ಕೆಂಪಾಗಿದ್ದನ್ನು ನಾನೂ ಕಂಡಿದ್ದೆ. ಆದರೆ ಮೇಲಿಂದ ಬಿದ್ದದ್ದನ್ನೆಲ್ಲ ಕೆಳಗೆ ಸುರಿಯಲು ನಾವು ಚರಂಡಿಯಲ್ಲ. ಅದನ್ನು ಅಲ್ಲಿ ಹೇಳಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ. "ಅವತ್ತು ಮಾತು ಜಾಸ್ತಿಯಾಯಿತು" ಎಂದು ಮೇಜಿನ ಕಡೆ ನೋಡುತ್ತಾ ಅವರು ಹೇಳಿದರು. ಫ್ಲೋರಿನ ನಡುವೆ ಬೈದವರು ಮುಚ್ಚಿದ ಕೋಣೆಯಲ್ಲಿ ಹೀಗೆಂದದ್ದು ನನಗೆ ಸಾಲಲಿಲ್ಲ, ಇಂದಿಗೂ ಸಾಲದು. ಮಷಿನ್ ಮಾತ್ರ ಅದೇ ಮಧ್ಯಾಹ್ನ ಸಿಕ್ಕಿತು. ಆ ತಿಂಗಳ ಹಾಜರಾತಿ ಬೋನಸ್ ಹೋಯಿತು.

ಇನ್ನೊಂದು ಬಾಕಿ ಇತ್ತು. ಮ್ಯಾನೇಜರ್ ಕಡೆಯವಳೆಂದೇ ತೋಳು ಜೋಡಿಸುವ ಹುಡುಗಿಗೆ ರಜೆ ಸಿಕ್ಕಿತೆಂದು, ನನಗೆ ರಜೆ ಇಲ್ಲವೆಂದ ಸೋಮವಾರವೇ ನಾಲ್ಕು ಜನರ ಮುಂದೆ ಆಡಿದ್ದೆ. ಮಾತು ಅವಳ ಕಿವಿಗೂ ಬಿದ್ದಿತ್ತು. ಮಷಿನ್ ಸಿಕ್ಕ ದಿನದ ಸಂಜೆ ಬೆಲ್ ಆದ ಮೇಲೆ ಅವಳ ಮಷಿನ್ ಹತ್ತಿರ ಹೋಗಿ, ಆ ನಾಲ್ಕು ಜನ ಇನ್ನೂ ಅಲ್ಲಿರುವಾಗಲೇ, ತಪ್ಪಾಯಿತು ಎಂದೆ. ಅವಳು ಮಷಿನ್ ಮೇಲಿನ ನೂಲಿನ ಧೂಳು ಒರೆಸುತ್ತಾ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮನಿಗೆ ಈಗ ಕಣ್ಣು ಹೇಗಿದೆ, ಅಕ್ಕ?" ಎಂದು ಕೇಳಿದಳು.