ಅವರು ನಿಮಗೆ ಏನಾಗಬೇಕು?

ಹೆಂಡತಿಯ ಅಕ್ಕನ ಗಂಡನೋ ತಂಗಿಯ ಗಂಡನೋ ಆದ್ರೆ ಅವನಿಗೆ ಷಡ್ಡಕ ಅನ್ನೋ ಪದ ಇದೆ ನಮ್ಮಲ್ಲಿ. ಗಂಡನ ಅಣ್ಣತಮ್ಮಂದಿರ ಹೆಂಡತಿ ವಾರಗಿತ್ತಿ, ಮಗಳ ಅತ್ತೆ ಮಾವ ಬೀಗರು. ಮದುವೆ ತಿಥಿ ಅಂತ ಯಾವಾಗಲೋ ಒಂದ್ಸಲ ಮುಖ ನೋಡೋರಿಗೂ ಕನ್ನಡ ಒಂದೊಂದು ಪದ ಎತ್ತಿಟ್ಟಿದೆ. ಆದ್ರೆ ಪಿಜಿ ಕಾಲದಿಂದ ನನ್ನ ಜೊತೆಗಿರೋ, ನಮ್ಮಮ್ಮನ ಬಿಪಿ ಮಾತ್ರೆ ಹೆಸರು ನನಗಿಂತ ಚೆನ್ನಾಗಿ ಗೊತ್ತಿರೋ, ನಮ್ಮನೆ ಬೀಗದ ಕೈ ಒಂದೊಂದು ಇಟ್ಕೊಂಡಿರೋ ಇಬ್ಬರಿಗೆ ಏನನ್ನಬೇಕು? ಒಬ್ಬಳು ಧಾರವಾಡದವಳು, ಇನ್ನೊಬ್ಬಳು ಕುಂದಾಪುರದವಳು, ನಾನು ಹಾಸನದ ಕಡೆಯವಳು.

ಗೆಳತಿ ಅನ್ನಬಹುದು, ಆದ್ರೆ ಆಫೀಸಲ್ಲಿ ಜೊತೆಗೆ ಕಾಫಿ ಕುಡಿಯೋರಿಗೂ ಅದೇ ಪದ. ಆಪ್ತರು ಅಂದ್ರೆ ಪೇಪರ್‌ನಲ್ಲಿ ಬರೋ 'ಸಚಿವರ ಆಪ್ತ' ನೆನಪಾಗ್ತಾನೆ. ಫ್ಯಾಮಿಲಿ ಫ್ರೆಂಡ್ ಅಂದ್ರೆ ಅಪ್ಪನ ಕಾಲದ ಯಾರೋ ಅಂಕಲ್ ಇರಬೇಕು ಅನ್ಸುತ್ತೆ. ಮನೆಯವರು ಅನ್ನೋಣ ಅಂದ್ರೆ ಆ ಪದ ಆಗಲೇ ಗಂಡನಿಗೆ ಹೋಗಿದೆ, 'ನಮ್ಮನೆಯವರು ಊರಲ್ಲಿಲ್ಲ' ಅಂದ್ರೆ ಎಲ್ಲರಿಗೂ ಅರ್ಥ ಆಗೋದು ಒಂದೇ. ಉಳಿದಿದ್ದು ನಮ್ಮೋರು. ಕೇಳೋಕೆ ಎಷ್ಟು ಬೆಚ್ಚಗಿದೆ ಆ ಪದ, ಆದ್ರೆ ನಮ್ಮೂರಲ್ಲಿ 'ಅವರು ನಮ್ಮೋರಾ?' ಅಂತ ಯಾರಾದ್ರೂ ದನಿ ತಗ್ಗಿಸಿ ಕೇಳಿದ್ರೆ ಅವರು ಕೇಳ್ತಿರೋದು ಜಾತಿ. ನಾವು ಮೂರು ಜನ ಮೂರು ಜಾತಿಯವರು. ಆ ಪದವನ್ನ ಜಾತಿ ಕೈಯಿಂದ ಬಿಡಿಸ್ಕೊಂಡು ಇವರಿಬ್ಬರಿಗೆ ಕೊಡೋಕಾಗಿದ್ರೆ ನಂಗೆ ಬೇರೆ ಪದಾನೇ ಬೇಕಿರ್ಲಿಲ್ಲ.

ಗಂಡಸರು ಈ ವಿಷಯದಲ್ಲಿ ಒಂದು ದಾರಿ ಕಂಡ್ಕೊಂಡಿದ್ದಾರೆ ಅನ್ಸುತ್ತೆ. ಮಂಡ್ಯ ಕಡೆ ಹುಡುಗರು ಫ್ರೆಂಡನ್ನ ಬಾಮೈದ ಅಂತಾರೆ, ಹವ್ಯಕರ ಹುಡುಗರು ಒಬ್ಬರಿಗೊಬ್ಬರು ಭಾವ ಅಂತಾರೆ, ಬೆಂಗಳೂರಲ್ಲಿ ಮಚ್ಚಾ, ಅದು ತಮಿಳಿನ ಮಚ್ಚಾನ್, ಅಲ್ಲೂ ಭಾವ-ಮೈದುನನ ಸಂಬಂಧಾನೇ. ಯಾಕೆ ಎಲ್ಲ ಕಡೆ ಭಾವ ಮೈದುನಾನೇ, ಅಣ್ಣ ತಮ್ಮ ಯಾಕಲ್ಲ ಅಂತ ಯೋಚನೆ ಮಾಡಿದ್ರೆ ನಂಗೆ ಹೊಳೆಯೋದು ಆ ಹಳೇ ಗಾದೆ, ಹುಟ್ಟುತ್ತಾ ಅಣ್ಣತಮ್ಮಂದಿರು ಬೆಳೀತಾ ದಾಯಾದಿಗಳು. ಅಣ್ಣತಮ್ಮ ಅಂದ ತಕ್ಷಣ ಹೊಲದ ಬದು, ಪಾಲು, ಕೋರ್ಟು ಎಲ್ಲ ಹಿಂದೇನೇ ಬರುತ್ತೆ, ಭಾವ ಮೈದುನರ ಮಧ್ಯೆ ಬದು ಇರ್ಲಿಲ್ಲ, ಛೇಡಿಸೋ ಸಲಿಗೆ ಇತ್ತು. (ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ, ಬರಲೇಬೇಕಿತ್ತು, ಹಾಗಾಗಿ ಭಾವನೂ ಈಗ ಪಾಲಿನ ಲೆಕ್ಕದೊಳಗೆ ಬರ್ತಾನೆ, ಅದು ಬೇರೆ ಮಾತು.) ಇದು ನನ್ನ ಊಹೆ ಅಷ್ಟೇ, ಆದ್ರೆ ಸಲಿಗೆಯ ಸಂಬಂಧ ಯಾವುದು ಅಂತ ನೋಡಿ ಆ ಪದವನ್ನೇ ಎತ್ಕೊಂಡಿದ್ದಾರೆ ಅಂತ ನಂಗೆ ಬಲವಾಗಿ ಅನ್ಸುತ್ತೆ.

ನಾವು ಹೆಂಗಸರು ಅಕ್ಕ ಅನ್ನೋದನ್ನ ಎಲ್ಲರಿಗೂ ಹಂಚಿಬಿಟ್ಟಿದ್ದೀವಿ. ತರಕಾರಿ ಅಂಗಡಿಯೋರಿಗೂ ಅಕ್ಕ, ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟೋರಿಗೂ ಅಕ್ಕ. ಒಳ್ಳೇದೇ ಅದು. ಆದ್ರೆ ಅಲ್ಲಿ ಅಕ್ಕ ಅನ್ನೋದು ಮರ್ಯಾದೆ, ಸಂಬಂಧ ಅಲ್ಲ.

ನನ್ನ ತಲೇಲಿ ಈಗ ಕೂತಿರೋದು ಏನಂದ್ರೆ ಕನ್ನಡದ ಸಂಬಂಧದ ಪದಗಳೆಲ್ಲ ಕೆಲಸದ ಹೆಸರುಗಳೂ ಹೌದು. ಸೋದರಮಾವ ಅಂದ್ರೆ ಅಮ್ಮನ ಅಣ್ಣನೋ ತಮ್ಮನೋ ಅನ್ನೋದು ಅರ್ಧ ಅರ್ಥ, ಎಷ್ಟೋ ಮನೆಗಳಲ್ಲಿ ಮದುಮಗಳನ್ನ ಮಂಟಪಕ್ಕೆ ಕರ್ಕೊಂಡು ಬರಬೇಕಾದವನು ಅವನೇ ಅನ್ನೋದು ಇನ್ನರ್ಧ. ಸೋದರತ್ತೆ ಅಂದ್ರೆ ನಾಮಕರಣದಲ್ಲಿ ಮಗು ಕಿವೀಲಿ ಹೆಸರು ಹೇಳೋಳು. ತವರು ಅಂದ್ರೆ ಬಾಣಂತನ, ಗೌರಿ ಹಬ್ಬಕ್ಕೆ ಬಾಗಿನ. ಆ ಕೆಲಸದ ದಿನ ಅವರು ಬರಲಿಲ್ಲ ಅಂದ್ರೆ ಮನೆಯೋರೆಲ್ಲ ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ. ಫ್ರೆಂಡ್‌ಗೆ ಮಾತ್ರ ಅಲ್ಲಿ ಯಾವ ಕೆಲಸಾನೂ ಇಲ್ಲ. ಬಂದ್ರು, ಕವರ್ ಕೊಟ್ರು, ಫೋಟೋ ತೆಗೆಸ್ಕೊಂಡ್ರು, ಊಟ ಮಾಡಿದ್ರು, ಹೋದ್ರು. ನಮ್ಮ ಕಷ್ಟಕಾಲದಲ್ಲಿ ರಾತ್ರಿ ಹಗಲು ಜೊತೆಗಿದ್ದೋರು ಶುಭಕಾರ್ಯದ ದಿನ ಪ್ಲಾಸ್ಟಿಕ್ ಕುರ್ಚಿ ಮೇಲೆ ಮೂರನೇ ಸಾಲಲ್ಲಿ ಕೂತಿರ್ತಾರೆ, ನಂಗೆ ಇದು ಬಹಳ ನೋವು ಕೊಡೋ ವಿಷಯ.

ನಮ್ಮ ಮಗಳ ನಾಮಕರಣದಲ್ಲಿ ಇದಕ್ಕೊಂದು ದಾರಿ ತಾನಾಗೇ ಸಿಕ್ತು. ನನ್ನ ಗಂಡನಿಗೆ ಅಕ್ಕತಂಗಿ ಯಾರೂ ಇಲ್ಲ, ಸೋದರತ್ತೆ ಜಾಗಕ್ಕೆ ದೂರದ ಸಂಬಂಧದಲ್ಲಿ ಯಾರನ್ನ ಕರೆಯೋದು ಅಂತ ಹಿರಿಯರು ಮಾತಾಡ್ತಿದ್ರು, ನಮ್ಮತ್ತೆ ಹಾಲ್ ಮಧ್ಯೆ ನಿಂತ್ಕೊಂಡು ಧಾರವಾಡದವಳ ಕಡೆ ಕೈ ತೋರಿಸಿ 'ಇವಳಿಲ್ವಾ, ಇವಳೇ ಕೂತ್ಕೊಳ್ಳಲಿ' ಅಂದ್ರು. ಅವಳು ಕಿವೀಲಿ ಹೆಸರು ಹೇಳಿದ್ಲು, ಹೇಳಿದ ತಕ್ಷಣ ಅವಳ ಕಡೆ ಪದ್ಧತಿ ಪ್ರಕಾರ ಅವಳಮ್ಮ ಬೆನ್ನಿಗೆ ಎರಡು ಗುದ್ದು ಹಾಕಿದ್ರು, ನಮ್ಮ ಹಾಸನದೋರು ಏನಾಯ್ತು ಅಂತ ಗಾಬರಿಯಾದ್ರು. ಆಮೇಲೆ ಲೆಕ್ಕ ಶುರುವಾಯ್ತು. ಅವಳು ನನಗೆ ಅಕ್ಕ ಅಂದ್ರೆ ಮಗಳಿಗೆ ದೊಡ್ಡಮ್ಮ ಆಗಬೇಕು, ಸೋದರತ್ತೆ ಅಂದ್ರೆ ನನಗೆ ನಾದಿನಿ ಆಗಬೇಕು, ಅವಳ ಗಂಡ ಒಂದು ಲೆಕ್ಕದಲ್ಲಿ ನನಗೆ ಭಾವ, ಇನ್ನೊಂದು ಲೆಕ್ಕದಲ್ಲಿ ನನ್ನ ಗಂಡನಿಗೆ ಭಾವ. ನಮ್ಮಲ್ಲಿ ಒಂದು ಸಂಬಂಧದ ಪದ ಒಂಟಿಯಾಗಿ ಬರೋದೇ ಇಲ್ಲ, ಒಂದನ್ನ ಒಳಗೆ ಕರೆದ್ರೆ ಹಿಂದೆ ಹತ್ತು ಬಂದು ನಿಲ್ಲುತ್ತೆ. ನಮ್ಮತ್ತೆಗೆ ಆ ಲೆಕ್ಕ ಬೇಕಾಗಿರ್ಲಿಲ್ಲ. ಕೆಲಸ ಮಾಡಿದ್ದು ಅತ್ತೇದು, ಅತ್ತೆ ಅಂತಾನೇ ಕರೀಲಿ ಅಂದ್ರು. ಮಗಳು ಅತ್ತೆ ಅಂತಾನೇ ಕರೀತಾಳೆ, ಅವಳೂ ಆ ಜಾಗ ಬಿಟ್ಟುಕೊಟ್ಟಿಲ್ಲ, ಹುಟ್ಟುಹಬ್ಬದ ಬಟ್ಟೆ ನಾವು ತರೋ ಹಾಗಿಲ್ಲ, ಅದು ಅತ್ತೆ ಮನೆಯಿಂದಾನೇ ಬರಬೇಕು.

ಈ ದಾರೀನ ನಮಗಿಂತ ಎಷ್ಟೋ ಮುಂಚೆ ನಡೆದಿರೋರು ಹಿಜ್ರಾ ಸಮುದಾಯದೋರು. ಹುಟ್ಟಿದ ಮನೆ ಬಾಗಿಲು ಮುಚ್ಚಿದಾಗ ಅವರು ಗುರು, ಚೇಲಾ, ಗುರುಭಾಯಿ (ಒಂದೇ ಗುರುವಿನ ಇನ್ನೊಬ್ಬ ಚೇಲಾ), ನಾತಿ ಚೇಲಾ (ಚೇಲಾಳ ಚೇಲಾ) ಅಂತ ಪೂರ್ತಿ ಒಂದು ವಂಶಾನೇ ಕಟ್ಕೊಂಡಿದ್ದಾರೆ, ಅಲ್ಲಿ ಪ್ರತಿ ಪದಕ್ಕೂ ಜವಾಬ್ದಾರಿ ಇದೆ, ಯಾರು ಯಾರನ್ನ ನೋಡ್ಕೋಬೇಕು ಅನ್ನೋದಿದೆ. ಅವರಿಂದ ಕಲಿಯೋದು ನಮಗೆ ಬಹಳ ಇದೆ.

ಆದ್ರೆ ಮನೆಯೊಳಗೆ ಅತ್ತೆ ಆದೋಳು ಕೌಂಟರ್ ಮುಂದೆ ಏನೂ ಅಲ್ಲ. ನಂಗೆ ಡೆಂಗ್ಯೂ ಆಗಿ ಅಡ್ಮಿಟ್ ಮಾಡ್ಬೇಕಾದಾಗ ಗಂಡ ಊರಲ್ಲಿರ್ಲಿಲ್ಲ, ಆಸ್ಪತ್ರೇಲಿ ಫಾರ್ಮ್ ಮುಂದಿಟ್ಟು 'ಪೇಷಂಟ್ ನಿಮಗೆ ಏನಾಗಬೇಕು?' ಅಂತ ಕೇಳಿದ್ರಂತೆ. 'ಅಕಿ ನಮ್ಮಾಕಿರೀ' ಅಂದಳಂತೆ ಧಾರವಾಡದವಳು. ಅದಕ್ಕೆ ಕಾಲಂ ಇರ್ಲಿಲ್ಲ.

ಕಾನೂನಲ್ಲೂ ಹಾಗೇ. 1994ರ ಅಂಗಾಂಗ ಕಸಿ ಕಾಯ್ದೇಲಿ ಹತ್ತಿರದ ಸಂಬಂಧಿ ಅಂದ್ರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದೋರು, 2011ರ ತಿದ್ದುಪಡೀಲಿ ಅಜ್ಜ ಅಜ್ಜಿ ಮೊಮ್ಮಕ್ಕಳೂ ಸೇರಿದ್ರು. ಫ್ರೆಂಡ್ ಕಿಡ್ನಿ ಕೊಡ್ತೀನಿ ಅಂದ್ರೆ ಸಮಿತಿ ಮುಂದೆ ಹೋಗಿ ಪ್ರೀತಿಯಿಂದಾನೇ ಕೊಡ್ತಿದ್ದೀನಿ ಅಂತ ಒಪ್ಪಿಸಬೇಕು. ಕಿಡ್ನಿ ಮಾರಾಟ ತಡೆಯೋಕೆ ಅದು ಬೇಕು, ಅದರ ಬಗ್ಗೆ ನಂಗೆ ತಕರಾರಿಲ್ಲ. ಪಿಎಫ್‌ನಲ್ಲಿ, ಕುಟುಂಬ ಇರೋ ಸದಸ್ಯರು ಹೊರಗಿನೋರನ್ನ ನಾಮಿನಿ ಮಾಡಿದ್ರೆ ಅದು ಊರ್ಜಿತ ಆಗಲ್ಲ. ಅಕ್ಕ ಎಷ್ಟು ಲಕ್ಷ ಕೊಟ್ಟರೂ ಅದು ಉಡುಗೊರೆ, ಗೆಳತಿ ಕೊಟ್ಟಿದ್ದು ವರ್ಷಕ್ಕೆ 50,000 ರೂಪಾಯಿ ದಾಟಿದ್ರೆ ಅದು ಆದಾಯ, ಟ್ಯಾಕ್ಸ್ ಕಟ್ಟಬೇಕು, ಮದುವೆಗೆ ಕೊಟ್ಟಿದ್ದು, ವಿಲ್‌ನಿಂದ ಬಂದಿದ್ದು, ಇಂಥದಕ್ಕೆ ಮಾಫಿ.

ಬಾಗಿಲುಗಳೂ ಇವೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೇ. ಬ್ಯಾಂಕ್ ಖಾತೆಗೆ ಫ್ರೆಂಡನ್ನ ನಾಮಿನಿ ಮಾಡಬಹುದು. ಸ್ವಂತ ದುಡಿಮೆಯ ಆಸ್ತೀನ ವಿಲ್ ಬರೆದು ಯಾರಿಗೆ ಬೇಕಾದ್ರೂ ಕೊಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ನಮ್ಮ ಪರವಾಗಿ ನಿಲ್ಲೋ ಪ್ರತಿನಿಧಿಯನ್ನ ನಾವೇ ಹೆಸರಿಸಬಹುದು, ಅವರು ರಕ್ತಸಂಬಂಧಿ ಆಗಿರಬೇಕು ಅಂತಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ, ಒಬ್ಬ ನರ್ಸ್‌ನ ಹೆರಿಗೆ ರಜೆ ಕೇಸಲ್ಲಿ, ಅಪ್ಪ ಅಮ್ಮ ಮಕ್ಕಳು ಅನ್ನೋ ಒಂದೇ ಅಚ್ಚಿನಲ್ಲಿ ಕುಟುಂಬವನ್ನ ನೋಡೋದು ಸರಿಯಲ್ಲ ಅಂತ ಬರೆದ್ರು. ಮದ್ರಾಸ್ ಹೈಕೋರ್ಟ್ 2025ರಲ್ಲಿ, ಇಬ್ಬರು ಹೆಣ್ಣುಮಕ್ಕಳು ಜೊತೆಗಿರೋ ವಿಷಯದಲ್ಲಿ, ತಾವೇ ಆರಿಸ್ಕೊಂಡ ಕುಟುಂಬ ಅನ್ನೋ ಮಾತನ್ನ ಒಪ್ಪಿಕೊಳ್ತು. ಇವೆರಡೂ ಫ್ರೆಂಡ್ಸ್ ಬಗ್ಗೆ ಬಂದ ತೀರ್ಪುಗಳಲ್ಲ, ಆದ್ರೂ ಓದಿದಾಗ ನಂಗೆ ಧೈರ್ಯ ಬಂತು.

ಇದೆಲ್ಲ ನಾನು ಹುಡುಕಿ ಓದಿದ್ದು ಕುಂದಾಪುರದವಳಿಗೋಸ್ಕರ. ಅವಳು ಮದುವೆ ಬೇಡ ಅಂದೋಳು, ಅಪ್ಪ ಅಮ್ಮ ಇಬ್ಬರೂ ಇಲ್ಲ, ಅಣ್ಣ ದುಬೈಯಲ್ಲಿ. 'ನಂಗೆ ನಾಳೆ ಎಂತಾದ್ರೂ ಆದ್ರೆ ಸೈನ್ ಹಾಕೂದ್ ಯಾರ್ ಮಾರಾಯ್ತಿ' ಅಂತ ಒಂದಿನ ಪಾತ್ರೆ ತೊಳೀತಾ ಕೇಳಿದ್ಲು, ಆ ಮಾತಿಗೆ ನಮ್ಮಿಬ್ಬರ ಹತ್ರ ಉತ್ತರ ಇರಲೇಬೇಕು ಅಂತ ಅನ್ನಿಸಿ ಕೂತ್ಕೊಂಡು ಒಂದೊಂದೇ ಕಾಗದ ಮಾಡಿಸ್ತಿದ್ದೀವಿ. ಬ್ಯಾಂಕಲ್ಲಿ ನಾಮಿನಿ ಫಾರ್ಮಿನ ಸಂಬಂಧ ಅನ್ನೋ ಜಾಗದ ಹತ್ರ ಅವಳ ಪೆನ್ನು ನಿಂತಿತು, ಅಲ್ಲಿದ್ದ ಮೇಡಂ 'ಫ್ರೆಂಡ್ ಅಂತಾನೇ ಬರೀರಿ, ನಡೆಯುತ್ತೆ' ಅಂದ್ರು. ಬರೆದ್ಲು. ಇನ್ನು ವಿಲ್ ಬಾಕಿ ಇದೆ, ಅದಕ್ಕೆ ಇಬ್ಬರು ಸಾಕ್ಷಿ ಬೇಕು, ಧಾರವಾಡದವಳೂ ಅವಳ ಗಂಡನೂ ಭಾನುವಾರ ಬರ್ತಿದ್ದಾರೆ, ಸಹಿ ಆದ್ಮೇಲೆ ಎಲ್ಲರಿಗೂ ಊಟ ನಮ್ಮನೇಲೇ.