ಅವಳ ಮಾತು ಇನ್ನೂ ಮುಗಿದಿರಲಿಲ್ಲ

18 ಆಗಸ್ಟ್ 2024, ಭಾನುವಾರ

ಎರಡು ವಾರಗಳ ಹಿಂದೆ ಮಗಳು ಶಾಲೆಯಿಂದ ಬಂದವಳೇ, ಗೆಳತಿ ಈಗ ತನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿಲ್ಲ ಎಂದು ಹೇಳತೊಡಗಿದಾಗ, ಆ ಮಾತು ಪೂರ್ತಿಯಾಗುವ ಮೊದಲೇ ನಾನು "ನೀನೇ ಹೋಗಿ ಮಾತನಾಡಿಸು, ಎಲ್ಲ ಸರಿಹೋಗುತ್ತದೆ" ಎಂದುಬಿಟ್ಟಿದ್ದೆ. "ಏನಿಲ್ಲ ಬಿಡಪ್ಪ" ಎಂದು ಅವಳು ಎದ್ದು ಹೋದಳು. ರಾತ್ರಿ ಹೆಂಡತಿ ಬೇಸರದಿಂದ, "ಅವಳು ನಿಮ್ಮನ್ನು ಏನೂ ಕೇಳಿರಲಿಲ್ಲ. ನೀವು ಕೇಳಬೇಕಿತ್ತು, ಅಷ್ಟೇ" ಎಂದಳು. ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದವಿದೆ. ನಾನು ಎರಡೂ ಅರ್ಥದಲ್ಲಿ ತಪ್ಪಿದ್ದೆ: ಮಗಳ ಮಾತಿಗೆ ಕಿವಿಗೊಟ್ಟಿರಲಿಲ್ಲ, ಏನಾಯಿತೆಂದು ವಿಚಾರಿಸಿಯೂ ಇರಲಿಲ್ಲ.

ಅಂದಿನಿಂದ ನನ್ನ ಮಾತಿನ ಆತುರವನ್ನು ಗಮನಿಸುತ್ತಿದ್ದೇನೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನಷ್ಟು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಕಣ್ಣೆದುರಿನ ಚಿತ್ರವೊಂದರ ಹೆಸರು ಹೇಳುವುದಕ್ಕೇ ಅದರ ಮೂರು ಪಟ್ಟು ಸಮಯ ಬೇಕಾಗುವುದರಿಂದ, ಎದುರಿನವರು ಮಾತನಾಡುತ್ತಿರುವಾಗಲೇ ನಮ್ಮ ಉತ್ತರ ಒಳಗೊಳಗೇ ಸಿದ್ಧವಾಗುತ್ತಿರುತ್ತದೆ. ಇದು ಮನುಷ್ಯರ ಸಹಜ ರೀತಿ. ಸಮಯ ಎಷ್ಟಾಯಿತು ಎಂಬಂತಹ ಪ್ರಶ್ನೆಗೆ ಇದರಿಂದ ಯಾವ ಹಾನಿಯೂ ಇಲ್ಲ. ಆದರೆ ಹೇಳಲೋ ಬೇಡವೋ ಎಂದು ಅಳುಕುತ್ತಿರುವ ಮಗುವಿನ ಎದುರು, ಸಿದ್ಧವಾದ ಉತ್ತರವನ್ನು ನಾಲಿಗೆಯ ತುದಿಯಲ್ಲೇ ತಡೆದು ನಿಲ್ಲಿಸಬೇಕಾಗುತ್ತದೆ. ಅದು ನನಗೆ ನಿಜಕ್ಕೂ ಕಷ್ಟವಾಗುತ್ತಿದೆ.

ಇಂದು ಸಂಜೆ ಅವಳು ಮತ್ತೆ ಬಂದು ನನ್ನ ಮೇಜಿನ ಪಕ್ಕ ನಿಂತಳು. ಕೈಯಲ್ಲಿ ಪೆನ್ನಿತ್ತು; ಅದರ ಮುಚ್ಚಳವನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ನಾನು ಮೊಬೈಲನ್ನು ಮಗುಚಿಟ್ಟು ಕುರ್ಚಿಯನ್ನು ಅವಳತ್ತ ತಿರುಗಿಸಿದೆ. "ಅವಳು ಇವತ್ತಿಗೂ ಮಾತಾಡ್ತಿಲ್ಲ" ಎಂದಳು. "ಹೂಂ" ಎಂದಷ್ಟೇ ಹೇಳಿ ಸುಮ್ಮನಾದೆ. ಮುಚ್ಚಳದ ಟಕ್ ಟಕ್ ಸದ್ದು ಮಾತ್ರ ಕೇಳಿಸುತ್ತಿತ್ತು. ಆ ಮೌನ ಹತ್ತು ಸೆಕೆಂಡೂ ಇದ್ದಿರಲಾರದು, ಆದರೆ ಅಷ್ಟರಲ್ಲಿ ಮೂರು ಬುದ್ಧಿಮಾತುಗಳು ನನ್ನ ಗಂಟಲಿನವರೆಗೆ ಬಂದು ಹಿಂದಿರುಗಿದ್ದವು. ಆಮೇಲೆ ಸದ್ದು ನಿಂತಿತು. "ತಪ್ಪು ನಂದೇ ಅಪ್ಪ. ಅವಳು ನನಗೊಬ್ಬಳಿಗೇ ಹೇಳಿದ್ದನ್ನ ನಾನು ಇನ್ನೊಬ್ಬಳಿಗೆ ಹೇಳಿಬಿಟ್ಟೆ."

ಎರಡು ವಾರಗಳ ಹಿಂದಿನ ನನ್ನ ಸಲಹೆ ಬೇರೆಯದೇ ಸಂಗತಿಗೆ ಕೊಟ್ಟದ್ದಾಗಿತ್ತು ಎಂಬುದು ಆಗ ತಿಳಿಯಿತು. ಸಲಹೆಯನ್ನು ಕೇಳುಗನು ತನ್ನನ್ನು ಬದಲಾಯಿಸುವ ಪ್ರಯತ್ನವೆಂದೇ ಭಾವಿಸುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಷ್ಟು ಹಿಂದೆಯೇ ಬರೆದಿದ್ದರು. ಅದನ್ನು ಹಿಂದೆಯೂ ಓದಿ ತಲೆದೂಗಿದ್ದೆ, ಮನದಟ್ಟಾದದ್ದು ಇಂದು.

ನನ್ನ ತಂದೆಯವರ ವಿಷಯವನ್ನೂ ಇಲ್ಲಿ ಬರೆದಿಡಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರದ ಶಬ್ದಗಳನ್ನು. ಸಕಾರ, ಶಕಾರಗಳು ಮಸುಕಾಗಿ, ಮಾತು ಕೇಳಿಸುತ್ತದೆ ಆದರೆ ತಿಳಿಯುವುದಿಲ್ಲ. ನಾವು ಕೂಗುತ್ತೇವೆ, ಅವರು ಸುಮ್ಮನೆ "ಸರಿ, ಸರಿ" ಎನ್ನುತ್ತಾರೆ. ಎದುರು ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಹೇಳಿದರೆ ಆ "ಸರಿ" ಕಡಿಮೆಯಾಗಿ ಪ್ರಶ್ನೆಗಳು ಹೆಚ್ಚುತ್ತವೆ ಎಂಬುದನ್ನು ಈ ವಾರ ಕಂಡೆ. ಇಷ್ಟು ದಿನ ಅವರ ಒಪ್ಪಿಗೆ ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ಬರೀ ಸಂಕೋಚವಾಗಿತ್ತೋ ಎಂದು ಮನಸ್ಸು ನೊಂದಿತು.

ಮಲಗುವ ಮುನ್ನ ಮಗಳು ಬಾಗಿಲಲ್ಲಿ ಇಣುಕಿ, "ನಾಳೆ ಅವಳಿಗೆ ನಾನೇ ಸಾರಿ ಹೇಳ್ತೀನಿ. ಅವಳು ಬೈದರೆ ಬೈಲಿ" ಎಂದಳು. ಹೇಗೆ ಹೇಳಬೇಕೆಂದು ಅವಳು ನನ್ನನ್ನು ಕೇಳಲಿಲ್ಲ, ನಾನೂ ಹೇಳಿಕೊಡಲಿಲ್ಲ. "ಬಂದಮೇಲೆ ಏನಾಯ್ತು ಅಂತ ಹೇಳು" ಎಂದೆ. ತಲೆಯಾಡಿಸಿ ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಹೋದಳು.